ಕಪಿಲೆಯ ನೀರಿಗೆ ಬೆಲೆ ಕಟ್ಟುವ ಬಗೆ

ಶಾಸನಪಾಠದ ತರಗತಿಗಳು ಸಾಮಾನ್ಯವಾಗಿ ತೂಕಡಿಕೆಯ ತರಗತಿಗಳು. ಮಧ್ಯಾಹ್ನದ ಹೊತ್ತು, ಹಳಗನ್ನಡದ ಗಡಸು ಪದಗಳು, ಮೇಲಾಗಿ ಅಧ್ಯಾಪಕನ ಏಕಸ್ವರ. ವಿದ್ಯಾರ್ಥಿಗಳನ್ನು ದೂಷಿಸಿ ಫಲವಿಲ್ಲ. ಕಳೆದ ವರ್ಷ ಒಂದು ದಿನ ನಂಜನಗೂಡಿನ ನಮ್ಮ ತರಗತಿಯಲ್ಲಿ 'ಕೆರೆಗೊಡಗೆ', 'ಕಟ್ಟುಕೊಡಗೆ', 'ಬಿತ್ತುವಟ್ಟ' ಎಂಬ ಮಾತುಗಳನ್ನು ವಿವರಿಸುತ್ತಿದ್ದೆ. ಕೆರೆಯನ್ನು ಕಟ್ಟಿಸಿದವನಿಗೋ, ಅದನ್ನು ಕಾಪಾಡಿಕೊಂಡು ಬರುವವನಿಗೋ ಬಿಟ್ಟುಕೊಟ್ಟ ಭೂಮಿ ಅದು, ಅದರ ಉತ್ಪತ್ತಿಯಿಂದ ಹೂಳೆತ್ತುವ, ಏರಿಯನ್ನು ಬಲಪಡಿಸುವ, ತೂಬನ್ನು ಸರಿಪಡಿಸುವ ಖರ್ಚು ನಡೆಯುತ್ತಿತ್ತು ಎಂದು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಹಾಗಾದರೆ ಅದು ಆ ಕಾಲದ ನೀರಿನ ಕಂದಾಯ ಅಲ್ಲವೇ ಸಾರ್?" ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. "ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ" ಎಂಬ, ಅಧ್ಯಾಪಕರಿಗೆ ಸದಾ ಕೈಗೆಟಕುವ ಉತ್ತರವನ್ನು ಕೊಟ್ಟು ಪಾಠವನ್ನು ಮುಂದುವರಿಸಿದೆ. ಆದರೆ ಆ ಪ್ರಶ್ನೆ ಸಂಜೆ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿಯೇ ಕುಳಿತು ಊರಿಗೆ ಬಂದಿತು.

ನಾನು ನೆಲೆಸಿರುವುದು ತಿರುಮಕೂಡಲು ನರಸೀಪುರದಲ್ಲಿ, ಕೆಲಸ ಮಾಡುವುದು ನಂಜನಗೂಡಿನಲ್ಲಿ. ಬೆಳಿಗ್ಗೆ ಹೊಳೆಗೆ ಎದುರಾಗಿ, ಸಂಜೆ ಹೊಳೆಯ ಜೊತೆಗೆ ಪ್ರಯಾಣ. ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ಸ್ನಾನಘಟ್ಟವನ್ನು ತೊಳೆದು ಹೊರಟ ಕಪಿಲೆ ಹೆಜ್ಜಿಗೆಯನ್ನು ದಾಟಿ, ಗದ್ದೆ ತೋಟಗಳ ನಡುವೆ ಹಾದು, ನಮ್ಮ ಊರಿನಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತಾಳೆ. ಎರಡು ಊರುಗಳಿಗೂ ಒಬ್ಬಳೇ ತಾಯಿ ಎಂದು ಭಾಷಣಗಳಲ್ಲಿ ಹೇಳುವುದುಂಟು. ಬಸ್ಸಿನ ಕಿಟಕಿಯಿಂದ ನೋಡುವ ನನಗೆ ಅದರ ಇನ್ನೊಂದು ಮುಖವೂ ಕಾಣುತ್ತದೆ: ಮೇಲಿನ ಊರು ಬಚ್ಚಲಿಗೆ ಬಿಟ್ಟದ್ದು ಕೆಳಗಿನ ಊರಿನ ಕೊಡದ ಕಡೆಗೆ ನಡೆದು ಬರುತ್ತಿರುತ್ತದೆ. ಆದ್ದರಿಂದ ನೀರಿಗೆ ಎಷ್ಟು ಬೆಲೆ ಕಟ್ಟಬೇಕು, ಕೊಳೆನೀರಿಗೆ ಎಷ್ಟು ಕಟ್ಟಬೇಕು, ಯಾರಿಂದ ತೆಗೆದುಕೊಳ್ಳಬೇಕು ಎಂಬ ಪ್ರಶ್ನೆ ಪುರಸಭೆಯ ಲೆಕ್ಕಿಗರ ಕೋಣೆಗೆ ಮಾತ್ರ ಸೇರಿದ್ದೆಂದು ನಾನು ಭಾವಿಸಲಾರೆ.

ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ನಲ್ಲಿಯ ಕಂದಾಯದ ಚೀಟಿ ಬಂದಾಗಲೆಲ್ಲ ನನ್ನಿಂದ ಓದಿಸಿಕೊಂಡು ಒಂದೇ ಪ್ರಶ್ನೆ ಕೇಳುತ್ತಾರೆ: "ಯಾಕ್ ಮೇಷ್ಟ್ರೇ, ಹೊಳೆ ನಂಜುಂಡಪ್ಪಂದು, ನೀರು ಮಳೆರಾಯಂದು, ಇವರಿಗ್ಯಾಕೆ ಕಾಸು ಕೊಡಬೇಕು?" ತರ್ಕಶಾಸ್ತ್ರ ಓದಿದವರೂ ಥಟ್ಟನೆ ಉತ್ತರಿಸಲಾರದ ಪ್ರಶ್ನೆ. ಅಜ್ಜಿಯ ಮಾತಿನಲ್ಲಿ ಸತ್ಯವಿದೆ. ಹೊಳೆಯ ನೀರಿಗೆ ಬೆಲೆಯಿಲ್ಲ. ಹೊಳೆಯಲ್ಲಿರುವ ನೀರು ಅಡುಗೆಮನೆಗೆ ಬರುವುದಕ್ಕೆ ಬೆಲೆಯಿದೆ. ಅಜ್ಜಿ ಹರೆಯದಲ್ಲಿ ಸೊಂಟದ ಮೇಲೊಂದು ತಲೆಯ ಮೇಲೊಂದು ಕೊಡ ಹೊತ್ತು ಮೆಟ್ಟಲು ಹತ್ತಿದ್ದು ಆ ಬೆಲೆಯೇ. ಅದನ್ನು ಯಾವ ಲೆಕ್ಕದ ಪುಸ್ತಕವೂ ಬರೆದುಕೊಳ್ಳಲಿಲ್ಲ ಅಷ್ಟೆ.

ಕೌಟಿಲ್ಯನಿಗೆ ಈ ವಿಚಾರ ಚೆನ್ನಾಗಿ ತಿಳಿದಿತ್ತು. ಅರ್ಥಶಾಸ್ತ್ರದಲ್ಲಿ 'ಉದಕಭಾಗ' ಎಂಬ ಹೆಸರಿನ ನೀರಿನ ಕರವನ್ನು ಹೇಳುವಾಗ ಅವನು ನೀರನ್ನು ಎತ್ತುವ ಬಗೆಯನ್ನು ಗಮನಿಸುತ್ತಾನೆ. ಕೈಯಿಂದ ಎತ್ತಿ ಬೆಳೆದವನು ಬೆಳೆಯ ಐದನೆಯ ಒಂದು ಭಾಗ ಕೊಡಬೇಕು. ಹೆಗಲ ಮೇಲೆ ಹೊತ್ತು ತಂದವನು ನಾಲ್ಕನೆಯ ಒಂದು ಭಾಗ. ಯಂತ್ರದಿಂದ ಕಾಲುವೆಗೆ ಹರಿಸಿಕೊಂಡವನು ಮೂರನೆಯ ಒಂದು ಭಾಗ. ಮೈ ಹೆಚ್ಚು ನೋಯಿಸಿಕೊಂಡವನಿಗೆ ಕರ ಕಡಿಮೆ, ಸುಲಭವಾಗಿ ಪಡೆದವನಿಗೆ ಹೆಚ್ಚು. ಇದು ಹೊಲದ ನೀರಿನ ಮಾತಾದರೂ ನ್ಯಾಯವಾದ ದರವೆಂದರೇನು ಎಂಬುದರ ಮೊದಲ ಪಾಠ ಇದರಲ್ಲಿದೆ. ನಮ್ಮ ಹಳ್ಳಿಗಳ ನೀರಗಂಟಿಯಾದರೋ ಹನ್ನೆರಡು ಆಯಗಾರರಲ್ಲಿ ಒಬ್ಬನಾಗಿ ಸುಗ್ಗಿಯ ಕಣದಲ್ಲಿ ಧಾನ್ಯವನ್ನೇ ಕೂಲಿಯಾಗಿ ಪಡೆಯುತ್ತಿದ್ದ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ ಅಣೆಕಟ್ಟೆ, ತಲಕಾಡಿನ ಬಳಿಯ ಮಾಧವಮಂತ್ರಿ ಅಣೆಕಟ್ಟೆ ಇವುಗಳ ನೀರು ಇಂದಿಗೂ ಗದ್ದೆಗೆ ಹರಿಯುತ್ತಿದೆಯೆಂದರೆ ಯಾರೋ ಎಂದೋ ಅವುಗಳ ದುರಸ್ತಿಗೆ ದುಡ್ಡೋ ದುಡಿಮೆಯೋ ಕೊಟ್ಟಿರಲೇಬೇಕು. ಕಟ್ಟಿಸಿದ ಪುಣ್ಯಾತ್ಮನ ಹೆಸರು ಉಳಿಯುತ್ತದೆ; ವರ್ಷವರ್ಷವೂ ಹೂಳೆತ್ತಿದವರ ಹೆಸರು ಉಳಿಯುವುದಿಲ್ಲ.

ಈಗಿನ ನಲ್ಲಿಯ ನೀರಿನ ವಿಷಯಕ್ಕೆ ಬರೋಣ. ಹೊಳೆಯ ದಡದಲ್ಲಿ ಜಾಕ್‌ವೆಲ್ ಎಂಬ ಬಾವಿ, ಅಲ್ಲಿಂದ ಪಂಪು, ಶುದ್ಧೀಕರಣದ ತೊಟ್ಟಿಗಳು, ಮಳೆಗಾಲದ ಕೆಂಪು ನೀರನ್ನು ತಿಳಿಯಾಗಿಸಲು ಪಟಿಕ, ಆಮೇಲೆ ಕ್ಲೋರೀನು, ಎತ್ತರದ ಟ್ಯಾಂಕು, ನೆಲದಡಿಯ ಕೊಳವೆಗಳು, ಬೆಳಗಿನ ಜಾವ ಬೀದಿಬೀದಿಗೆ ಹೋಗಿ ವಾಲ್ವ್ ತಿರುಗಿಸುವವನು. (ಪಟಿಕವೆಂಬುದು ಸ್ಫಟಿಕದ ತದ್ಭವ. ನಮ್ಮೂರಿನ ಸಂಗಮದಲ್ಲಿ ಕಾವೇರಿ ಕಪಿಲೆಯರೊಡನೆ ಕಣ್ಣಿಗೆ ಕಾಣದಂತೆ ಕೂಡುವುದು ಸ್ಫಟಿಕ ಸರೋವರವೆಂದು ಸ್ಥಳಪುರಾಣ. ಪ್ರವಾಹದ ದಿನಗಳಲ್ಲಿ ಶುದ್ಧೀಕರಣ ಘಟಕದವರು ಸುರಿಯುವ ಪಟಿಕವನ್ನು ನೋಡಿದಾಗ ಪುರಾಣಕಾರರ ದೂರದೃಷ್ಟಿಗೆ ತಲೆದೂಗಬೇಕೆನಿಸುತ್ತದೆ.) ಇವುಗಳಲ್ಲಿ ಕೆಲವು ಖರ್ಚುಗಳು ನೀರು ಹೆಚ್ಚು ಹರಿದರೆ ಹೆಚ್ಚುವಂಥವು: ವಿದ್ಯುತ್ತು, ಪಟಿಕ, ಕ್ಲೋರೀನು. ಉಳಿದವು ನಾವು ಒಂದು ಕೊಡ ತೆಗೆದುಕೊಂಡರೂ ನೂರು ಕೊಡ ತೆಗೆದುಕೊಂಡರೂ ಬದಲಾಗದಂಥವು: ಕೊಳವೆಯ ಸಾಲ, ನೌಕರರ ಸಂಬಳ, ಯಂತ್ರಗಳ ಸವಕಳಿ. ಬೆಂಗಳೂರಿನಲ್ಲಿ ಮೊದಲ ಬಗೆಯ ಖರ್ಚೇ ಮೇಲುಗೈ. ಏಕೆಂದರೆ ನಮ್ಮ ಸಂಗಮದಿಂದ ಕೆಳಗೆ ಹರಿದ ಕಾವೇರಿಯನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರು ಎತ್ತರಕ್ಕೆ ಪಂಪು ಮಾಡಬೇಕು. 1974ರ ಮೊದಲ ಹಂತದಿಂದ 2024ರ ಐದನೆಯ ಹಂತದವರೆಗೂ ಇದೇ ಕತೆ. ನಂಜನಗೂಡಿಗಾಗಲಿ ನರಸೀಪುರಕ್ಕಾಗಲಿ ಹೊಳೆ ಬಾಗಿಲಲ್ಲಿಯೇ ಇದೆ. ಆದ್ದರಿಂದ ಬೆಂಗಳೂರಿನ ದರವನ್ನು ನಕಲು ಮಾಡುವುದು ನಮಗೆ ತಕ್ಕುದಲ್ಲ. ಹೊಳೆ ಬಾಗಿಲಲ್ಲಿದೆಯೆಂದು ದರವೇ ಬೇಡವೆನ್ನುವುದೂ ತಕ್ಕುದಲ್ಲ.

ಲೆಕ್ಕಕ್ಕಾಗಿ ಒಂದು ಊರನ್ನು ಕಲ್ಪಿಸಿಕೊಳ್ಳೋಣ. ಹತ್ತು ಸಾವಿರ ನಲ್ಲಿಗಳು; ವರ್ಷಕ್ಕೆ ಆರು ಕೋಟಿ ರೂಪಾಯಿ ಖರ್ಚು; ಪ್ರತಿಮನೆಗೂ ತಿಂಗಳಿಗೆ 15 ಸಾವಿರ ಲೀಟರು ಮುಟ್ಟುತ್ತದೆಯೆನ್ನೋಣ. ವರ್ಷಕ್ಕೆ ಮುಟ್ಟಿದ ನೀರು 18 ಲಕ್ಷ ಕಿಲೋಲೀಟರು. ಕಿಲೋಲೀಟರಿಗೆ, ಅಂದರೆ ಸಾವಿರ ಲೀಟರಿಗೆ, 33 ರೂಪಾಯಿ ಚಿಲ್ಲರೆ ಬೀಳುತ್ತದೆ. ಆದರೆ ಕೊಳವೆಯಲ್ಲಿ ಸೋರಿ, ಕಳ್ಳ ಸಂಪರ್ಕಗಳಲ್ಲಿ ಹರಿದು, ಮೂರನೆಯ ಒಂದು ಭಾಗ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತಿದ್ದರೆ ಊರು ಎತ್ತಿದ್ದು 27 ಲಕ್ಷ ಕಿಲೋಲೀಟರು. ಎತ್ತುವಾಗ ಅದರ ಬೆಲೆ 22 ರೂಪಾಯಿ ಮಾತ್ರ. ಮಿಕ್ಕ 11 ರೂಪಾಯಿ ನೆಲಕ್ಕೆ ಸುರಿದ ನೀರಿನ ಬೆಲೆ. ಅದನ್ನು ಕುಡಿದವನ ಚೀಟಿಗೆ ಸೇರಿಸಲಾಗಿದೆ. ಮುಂದೆ ನೋಡಿ: ನೂರರಲ್ಲಿ ಅರವತ್ತು ಮನೆಗಳು ಮಾತ್ರ ಹಣ ಕಟ್ಟಿದರೆ, ಖರ್ಚು ಹುಟ್ಟಬೇಕಾದರೆ, ಕಟ್ಟುವವನು 55 ರೂಪಾಯಿ ಕೊಡಬೇಕು. 22 ರೂಪಾಯಿಯ ನೀರಿಗೆ 55 ರೂಪಾಯಿ! ದರ ಏರಿಸುವ ಮುನ್ನ ಕೊಳವೆಯ ತೂತನ್ನೂ ಬಾಕಿಯ ಪುಸ್ತಕವನ್ನೂ ನೋಡಿ ಎಂದು ಜನ ಕೇಳುವುದು ಜಿಪುಣತನದಿಂದಲ್ಲ, ನ್ಯಾಯವಾಗಿಯೇ ಎಂದು ಇದರಿಂದ ತಿಳಿಯುತ್ತದೆ.

ಇನ್ನು ಹಂಚಿಕೆಯ ಪ್ರಶ್ನೆ. ನಮ್ಮ ರಾಜ್ಯದ ಸಣ್ಣ ಊರುಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವುದು ನಲ್ಲಿಯೊಂದಕ್ಕೆ ತಿಂಗಳಿಗೆ ಇಷ್ಟು ಎಂಬ ಸರಳವಾದ ಕ್ರಮ. ಒಂಟಿ ಮುದುಕಿಯ ನಲ್ಲಿಗೂ, ಕಾರು ತೊಳೆದು ಹುಲ್ಲುಹಾಸು ಬೆಳೆಸುವ ಬಂಗಲೆಯ ನಲ್ಲಿಗೂ ಒಂದೇ ದರ. ಸುಲಭವೆಂಬುದೊಂದೇ ಇದರ ಗುಣ. ಇಂಗ್ಲೆಂಡಿನಲ್ಲಿ ಮೀಟರಿಲ್ಲದ ಮನೆಗಳಿಂದ ಮನೆಯ ಬಾಡಿಗೆ ಮೌಲ್ಯವನ್ನು ನೋಡಿ ನೀರಿನ ಹಣ ತೆಗೆದುಕೊಳ್ಳುವ ಪದ್ಧತಿ ಬೆಳೆದುಬಂದಿತು. ದೊಡ್ಡ ಮನೆಗೆ ಹೆಚ್ಚು, ಸಣ್ಣದಕ್ಕೆ ಕಡಿಮೆ. ಅದು ಸುಮಾರಾಗಿ ನ್ಯಾಯ. ಆದರೆ ದೊಡ್ಡ ಮನೆಯಲ್ಲಿ ಒಬ್ಬನೇ ಇರುವ ಮಿತವ್ಯಯಿಗೆ ಅನ್ಯಾಯ. ಮೀಟರು ಬಂದಮೇಲೆ ಪ್ರಚಾರಕ್ಕೆ ಬಂದದ್ದು ಹಂತದ ದರ: ಮೊದಲ ಹಂತ ಅಗ್ಗ, ಮೇಲಕ್ಕೆ ಹೋದಂತೆ ದುಬಾರಿ. ಕೇಳುವುದಕ್ಕೆ ಎಷ್ಟು ಧರ್ಮಸಮ್ಮತವಾಗಿದೆ! ನಾನೂ ಬಹಳ ದಿನ ಇದನ್ನೇ ಮೆಚ್ಚಿಕೊಂಡಿದ್ದೆ, ಒಂದು ವಠಾರದಲ್ಲಿ ಬಾಡಿಗೆಗಿರುವವರೆಗೆ.

ಬೆಂಗಳೂರು ಜಲಮಂಡಲಿ 2014ರಲ್ಲಿ ಗೊತ್ತುಮಾಡಿದ ಗೃಹಬಳಕೆಯ ದರಗಳನ್ನು ಉದಾಹರಣೆಗಾಗಿ ತೆಗೆದುಕೊಳ್ಳುತ್ತೇನೆ. ತಿಂಗಳಿಗೆ ಮೊದಲ 8 ಕಿಲೋಲೀಟರಿಗೆ ತಲಾ 7 ರೂಪಾಯಿ. ಅಲ್ಲಿಂದ 25ರವರೆಗೆ 11. ಅಲ್ಲಿಂದ 50ರವರೆಗೆ 26. ಅದರ ಮೇಲೆ 45. ತನ್ನದೇ ನಲ್ಲಿಯಿರುವ ಒಂದು ಸಂಸಾರ 8 ಕಿಲೋಲೀಟರು ಬಳಸಿದರೆ 56 ರೂಪಾಯಿ. ಇದೇ ಸೂತ್ರವನ್ನು ನಮ್ಮ ಊರಿನಂಥ ಊರಿನ ಒಂದು ವಠಾರಕ್ಕೆ ಹಚ್ಚಿ ನೋಡಿ. ನಾಲ್ಕು ಸಂಸಾರಗಳಿಗೆ ಒಂದೇ ನಲ್ಲಿ, ಒಂದೇ ಮೀಟರು; ಪ್ರತಿಯೊಂದೂ ಅದೇ 8 ಕಿಲೋಲೀಟರು ಬಳಸುತ್ತದೆ. ಒಟ್ಟು 32. ಮೊದಲ ಎಂಟಕ್ಕೆ 56, ನಡುವಣ ಹದಿನೇಳಕ್ಕೆ 187, ಕೊನೆಯ ಏಳಕ್ಕೆ 182, ಕೂಡಿದರೆ 425. ಪ್ರತಿ ಸಂಸಾರದ ಪಾಲಿಗೆ 106 ರೂಪಾಯಿ ಚಿಲ್ಲರೆ. ಬಡವರಿಗೆ ಅನುಕೂಲವಾಗಲೆಂದು ಕಟ್ಟಿದ ಮೆಟ್ಟಲುಗಳೇ ಬಡವರನ್ನು ಎಡವಿಸಿದವು! ಸ್ವಂತ ನಲ್ಲಿಯಿರುವವನಿಗಿಂತ ನಲ್ಲಿ ಹಂಚಿಕೊಂಡವನು ಹೆಚ್ಚುಕಡಿಮೆ ಎರಡರಷ್ಟು ತೆತ್ತ. ಬೆಂಗಳೂರಿನಲ್ಲಿ ಹನ್ನೊಂದು ವರ್ಷಗಳ ತರುವಾಯ 2025ರ ಏಪ್ರಿಲ್‌ನಲ್ಲಿ ದರ ಏರಿತು. ಹಂತಗಳ ಏರ್ಪಾಟು ಮಾತ್ರ ಉಳಿದುಕೊಂಡಿತು. ಹಂತದ ದರ ಬೇಡವೆಂದು ನನ್ನ ವಾದವಲ್ಲ. ಅದನ್ನು ತರುವ ಊರು ನಲ್ಲಿಗಳನ್ನು ಎಣಿಸಿದರೆ ಸಾಲದು, ಒಲೆಗಳನ್ನು ಎಣಿಸಬೇಕು. ಒಂದು ನಲ್ಲಿಯ ಹಿಂದೆ ನಾಲ್ಕು ಒಲೆಗಳಿದ್ದರೆ ಅಗ್ಗದ ಹಂತವೂ ನಾಲ್ಕು ಪಟ್ಟು ಅಗಲವಾಗಬೇಕು.

ಹಾಗಾದರೆ ಅಗ್ಗದ ಹಂತ ಎಷ್ಟಿರಬೇಕು? ನಮ್ಮ ದೇಶದ ಎಂಜಿನಿಯರುಗಳು ಅನುಸರಿಸುವ ಅಳತೆಯ ಪ್ರಕಾರ ಒಳಚರಂಡಿಯಿರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರು, ಒಳಚರಂಡಿಯಿಲ್ಲದ ಊರಿನಲ್ಲಿ 70 ಲೀಟರು ಬೇಕು. ಐದು ಜನರ ಸಂಸಾರಕ್ಕೆ ತಿಂಗಳಿಗೆ ಮೊದಲನೆಯದು ಸುಮಾರು 20 ಕಿಲೋಲೀಟರು, ಎರಡನೆಯದು ಹತ್ತೂವರೆ. ದಕ್ಷಿಣ ಆಫ್ರಿಕ 2001ರಿಂದ ಸಂಸಾರಕ್ಕೆ ತಿಂಗಳಿಗೆ 6 ಕಿಲೋಲೀಟರು ಉಚಿತವೆಂದು ಸಾರಿತು. ದೆಹಲಿ 2015ರಲ್ಲಿ ಮೀಟರಿರುವ ಮನೆಗೆ 20 ಕಿಲೋಲೀಟರು ಉಚಿತವೆಂದಿತು. ಉಚಿತವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ 'ತಕ್ಕುದು' ಎಂದು ಅರ್ಥ. ಕನ್ನಡದಲ್ಲಿ ಅದು 'ಪುಕ್ಕಟೆ' ಆಗಿ ಕುಳಿತಿದೆ. ತಕ್ಕುದೂ ಪುಕ್ಕಟೆಯೂ ಒಂದೇ ಆಗುವುದು ಜೀವ ಹಿಡಿದಿಡುವ ಮೊದಲ ಕೆಲವು ಕೊಡಗಳಿಗೆ ಮಾತ್ರ ಎಂದು ನನ್ನ ಅಭಿಪ್ರಾಯ. ಅದಕ್ಕೂ ಬೀದಿನಲ್ಲಿಯನ್ನು ಕಿತ್ತುಹಾಕಿದವರು ಮೊದಲು ಉತ್ತರ ಹೇಳಬೇಕು. ಏಕೆಂದರೆ ಮನೆಗೆ ನಲ್ಲಿಯೇ ಇಲ್ಲದವನಿಗೆ ಉಚಿತ ನೀರಿನ ಆದೇಶದಿಂದ ಬರುವ ಪ್ರಯೋಜನ ಸೊನ್ನೆ.

ಇಲ್ಲಿ ಶಬ್ದಗಳ ಬಗ್ಗೆ ಇನ್ನೊಂದು ಮಾತು. ಜನ 'ನೀರಿನ ಕಂದಾಯ' ಎನ್ನುತ್ತಾರೆ, ಕಚೇರಿಯವರು 'ನೀರಿನ ಶುಲ್ಕ' ಎನ್ನುತ್ತಾರೆ. ಎರಡೂ ಒಂದೇ ಅಲ್ಲ. ತೆರಿಗೆಗೂ ಶುಲ್ಕಕ್ಕೂ ಇರುವ ಭೇದವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದ್ದು 1954ರಲ್ಲಿ. ಅದೂ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ಎಂಬುದು ಕನ್ನಡಿಗರು ನೆನಪಿಡತಕ್ಕ ಸಂಗತಿ. ತೆರಿಗೆಯನ್ನು ಕೊಟ್ಟವನು ಪ್ರತಿಯಾಗಿ ನನಗೇನು ಕೊಟ್ಟಿರಿ ಎಂದು ಕೇಳುವಂತಿಲ್ಲ. ಶುಲ್ಕ ಕೊಟ್ಟವನು ಕೇಳಬಹುದು. ಹಾಗಿರುವಾಗ ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ನೀರು ಬರುವ ಬೀದಿಯವನೂ ದಿನವೂ ಬರುವ ಬೀದಿಯವನೂ ಒಂದೇ ಶುಲ್ಕವನ್ನು ತೆರುವುದು ಹೇಗೆ? ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೆ ವಿಶ್ವಬ್ಯಾಂಕಿನ ನೆರವಿನಿಂದ ಹಗಲಿರುಳೂ ನೀರು ಕೊಟ್ಟು ಮೀಟರಿನ ಅಳತೆಯಂತೆ ಹಣ ತೆಗೆದುಕೊಳ್ಳುವ ಪ್ರಯೋಗ ನಡೆಯಿತು. ಮೊದಲು ನೀರು, ಆಮೇಲೆ ದರ ಎಂಬ ಅನುಕ್ರಮ ಜನಕ್ಕೆ ಅರ್ಥವಾಗುತ್ತದೆ. ಬೊಲಿವಿಯಾದ ಕೊಚಬಂಬ ನಗರದಲ್ಲಿ 2000ದಲ್ಲಿ ನಡೆದದ್ದು ತದ್ವಿರುದ್ಧ: ನೀರಿನ ಸುಧಾರಣೆ ಕಣ್ಣಿಗೆ ಬೀಳುವ ಮುನ್ನ ಚೀಟಿಯ ಮೊತ್ತ ಏರಿತು, ಊರಿಗೆ ಊರೇ ಬೀದಿಗಿಳಿಯಿತು, ಖಾಸಗಿ ಕಂಪೆನಿಯ ಒಪ್ಪಂದವೇ ರದ್ದಾಯಿತು.

ನೀರಿನ ಮಾತನ್ನು ಎಷ್ಟು ಹೊತ್ತಾದರೂ ಆಡಬಹುದು, ಕೇಳುವವರಿಗೆ ಬೇಸರವಿಲ್ಲ. ಕೊಳೆನೀರಿನ ಮಾತು ತೆಗೆದರೆ ಎಲ್ಲರಿಗೂ ಮೂಗಿನ ಮೇಲೆ ಬೆರಳು. ಆದರೆ ದರದ ಸೂಕ್ಷ್ಮವೆಲ್ಲ ಇರುವುದು ಅಲ್ಲಿಯೇ.

ಎಂಜಿನಿಯರುಗಳ ಲೆಕ್ಕದಲ್ಲಿ ಮನೆಗೆ ಬಂದ ನೀರಿನ ನೂರರಲ್ಲಿ ಎಂಬತ್ತು ಭಾಗ ಕೊಳೆಯಾಗಿ ಹೊರಗೆ ಹೋಗುತ್ತದೆ. 2011ರ ಜನಗಣತಿಯಲ್ಲಿ ನಂಜನಗೂಡಿನ ಜನಸಂಖ್ಯೆ 50 ಸಾವಿರಕ್ಕೆ ಸ್ವಲ್ಪ ಮೇಲೆ. ತಲೆಗೆ 135 ಲೀಟರಿನ ಅಳತೆ ಹಿಡಿದರೆ ಅಷ್ಟು ಜನರಿಂದ ದಿನಕ್ಕೆ ಸುಮಾರು 54 ಲಕ್ಷ ಲೀಟರು ಕೊಳೆನೀರು. ಅದನ್ನು ಸಂಗ್ರಹಿಸಿ, ಪಂಪು ಮಾಡಿ, ಶುದ್ಧೀಕರಿಸಿ ಹೊಳೆಗೆ ಬಿಡಬೇಕು. ಇದಕ್ಕೆ ಖರ್ಚು ನೀರು ತರುವ ಖರ್ಚಿಗಿಂತ ಕಡಿಮೆಯಾಗಬೇಕೆಂಬ ನಿಯಮವೇನೂ ಇಲ್ಲ. ಆದರೂ ನಮ್ಮ ಊರುಗಳಲ್ಲಿ ಒಳಚರಂಡಿಯ ಶುಲ್ಕವೆಂಬುದು ನೀರಿನ ಚೀಟಿಯ ಬಾಲಂಗೋಚಿ. ಬೆಂಗಳೂರಿನ 2014ರ ಪಟ್ಟಿಯಲ್ಲಿಯೂ ಅದು ನೀರಿನ ಶುಲ್ಕದ ಕಾಲುಭಾಗದ ಆಸುಪಾಸಿನಲ್ಲಿತ್ತು. ಏಕೆ ಹೀಗೆ? ನನಗೆ ತೋರುವ ಕಾರಣ ಸರಳವಾಗಿದೆ. ನೀರು ನಿಂತರೆ ನಾವು ಅರಚುತ್ತೇವೆ. ಕೊಳೆ ನಮ್ಮ ಹೊಸ್ತಿಲು ದಾಟಿದರೆ ಸಾಕು, ಮುಂದೆ ಎಲ್ಲಿ ಹೋಯಿತೆಂದು ಕೇಳುವುದಿಲ್ಲ. ಕೇಳಬೇಕಾದವನು ಕೆಳಗಿನ ಊರಿನಲ್ಲಿದ್ದಾನೆ, ಅವನಿಗೆ ಮೇಲಿನ ಊರಿನ ಸಭೆಯಲ್ಲಿ ಓಟಿಲ್ಲ.

ಈ ಶುಲ್ಕ ಇಷ್ಟು ದಿನ ಅಗ್ಗವಾಗಿದ್ದುದಕ್ಕೆ ಇನ್ನೂ ಒಂದು ಕಾರಣವುಂಟು. ಅದನ್ನು ಬರೆಯುವಾಗ ಲೇಖನಿ ತಡೆಯುತ್ತದೆ. ನಮ್ಮ ಊರುಗಳ ಹಿತ್ತಿಲ ಕಕ್ಕಸುಗಳನ್ನು ಬೆಳಗಾಗುವ ಮುನ್ನ ಬಳಿದು ತಲೆಯ ಮೇಲೆ ಹೊತ್ತು ಸಾಗಿಸುತ್ತಿದ್ದ ಮನುಷ್ಯರಿದ್ದರು. ಅವರ ಬೆನ್ನು ನಮ್ಮ ಒಳಚರಂಡಿಯಾಗಿತ್ತು. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದಾಗ ಎಷ್ಟೋ ಜನಕ್ಕೆ ಮೊದಲು ಹೊಳೆದದ್ದು ಅಷ್ಟು ದಿನದ ಪಾಪವಲ್ಲ, ಇನ್ನು ಮುಂದೆ ತಗಲುವ ಖರ್ಚು. ಕಾಯಿದೆಗಳು ಬಂದವು, 2013ರಲ್ಲಿ ಕೇಂದ್ರದ ಕಾಯಿದೆಯೂ ಬಂದಿತು. ಆದರೂ ಗುಂಡಿಗಿಳಿದು ಸತ್ತವರ ಸುದ್ದಿ ನಿಲ್ಲಲಿಲ್ಲ. 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥ ಸಾವಿಗೆ ಕೊಡಬೇಕಾದ ಪರಿಹಾರವನ್ನು 30 ಲಕ್ಷ ರೂಪಾಯಿಗೆ ಏರಿಸಿತು. ಕೊಳವೆ ಕಟ್ಟಿಕೊಂಡಾಗ ಮನುಷ್ಯನನ್ನು ಇಳಿಸದೆ ಯಂತ್ರವನ್ನು ಇಳಿಸಬೇಕು. ಯಂತ್ರಕ್ಕೆ, ಅದರ ಚಾಲಕನಿಗೆ, ಡೀಸೆಲಿಗೆ ಹಣ ಬೇಕು. ಆ ಹಣ ಶುಲ್ಕದಲ್ಲಿ ಸೇರಿರಬೇಕು. ಜನಪದರ 'ಕೆರೆಗೆ ಹಾರ'ವನ್ನು ಪಾಠಮಾಡುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಊರಿಗೆ ನೀರು ಬೇಕು, ಬಲಿಗೆ ಮನೆಯ ಕಿರಿಯ ಸೊಸೆ ಭಾಗೀರಥಿ ಬೇಕು. ಹಿರಿಯರೆಲ್ಲ ಕೂಡಿ ಆರಿಸಿದ್ದು ಎದುರಾಡಲಾರದವಳನ್ನು. ದರ ಗೊತ್ತುಮಾಡುವ ಸಭೆಗಳಲ್ಲಿಯೂ ಒಮ್ಮೊಮ್ಮೆ ಹಾಗೆಯೇ ಆಗುತ್ತದೆ.

ಒಳಚರಂಡಿ ಶುಲ್ಕವನ್ನು ನೀರಿನ ಶುಲ್ಕದ ಇಷ್ಟು ಪಾಲು ಎಂದು ಕಟ್ಟುವುದರಲ್ಲಿ ಇನ್ನೂ ಕೆಲವು ತೊಡಕುಗಳಿವೆ. ಸ್ವಂತ ಕೊಳವೆಬಾವಿಯುಳ್ಳ ಲಾಡ್ಜು, ಕಲ್ಯಾಣಮಂಟಪಗಳು ಪುರಸಭೆಯ ನೀರನ್ನು ಹೆಚ್ಚು ಕೊಳ್ಳುವುದಿಲ್ಲ. ಕೊಳೆನೀರನ್ನು ಮಾತ್ರ ಧಾರಾಳವಾಗಿ ಕೊಡುತ್ತವೆ. ಇವುಗಳಿಗೆ ಬೇರೆಯೇ ಶುಲ್ಕ ಬೇಕು. ಬೆಂಗಳೂರಿನಲ್ಲಿ ಅಂಥ ಏರ್ಪಾಟಿದೆ. ಕಾರ್ಖಾನೆಯ ಕೊಳೆಯನ್ನು ಲೀಟರಿನಲ್ಲಿ ಅಳೆದರೆ ಸಾಲದು. ಅದರ ತೀಕ್ಷ್ಣತೆಯನ್ನೂ ಅಳೆಯಬೇಕು, ಏಕೆಂದರೆ ಒಂದು ಲೀಟರು ಬಣ್ಣದ ನೀರು ನೂರು ಲೀಟರು ಪಾತ್ರೆ ತೊಳೆದ ನೀರಿಗಿಂತ ಹೆಚ್ಚು ಕೆಲಸ ಹಚ್ಚಬಹುದು. ಒಳಚರಂಡಿಗೆ ಮನೆಯನ್ನು ಜೋಡಿಸಿಕೊಳ್ಳಲು ಮೊದಲಿಗೇ ಕಟ್ಟಬೇಕಾದ ಠೇವಣಿ, ರಸ್ತೆ ಅಗೆಯುವ ಖರ್ಚು, ಪ್ಲಂಬರನ ಕೂಲಿ ಇವೆಲ್ಲ ಸೇರಿ ಕೂಲಿಕಾರನ ಕೈಮೀರುತ್ತವೆ; ಅವನು ಗುಂಡಿಯಲ್ಲಿಯೇ ಉಳಿಯುತ್ತಾನೆ, ಊರು ಕೋಟಿಗಟ್ಟಲೆ ಸುರಿದ ಕೊಳವೆ ಅವನ ಬಾಗಿಲ ಮುಂದೆ ಖಾಲಿ ಹರಿಯುತ್ತದೆ. ಈ ಖರ್ಚನ್ನು ತಿಂಗಳ ಕಂತುಗಳಲ್ಲಿ ತೆಗೆದುಕೊಳ್ಳುವುದಕ್ಕೆ ದೊಡ್ಡ ಅರ್ಥಶಾಸ್ತ್ರವೇನೂ ಬೇಕಿಲ್ಲ.

ನಂಜನಗೂಡಿಗೆ ವಿಶಿಷ್ಟವಾದ ತೊಡಕು ಯಾತ್ರಿಕರದು. ಪ್ರತಿ ಹುಣ್ಣಿಮೆಗೂ, ಪಂಚರಥಗಳ ದೊಡ್ಡ ಜಾತ್ರೆಗಂತೂ ಕೇಳಬೇಕಿಲ್ಲ, ಸಾವಿರಾರು ಜನ ಬರುತ್ತಾರೆ. ಮುಡಿ ಕೊಡುತ್ತಾರೆ, ಮೀಯುತ್ತಾರೆ, ಉಟ್ಟ ಬಟ್ಟೆಯನ್ನೂ ಹೊಳೆಗೆ ಬಿಟ್ಟು ಹೋಗುವವರಿದ್ದಾರೆ. ಅವರು ಈ ಊರಿನ ನಲ್ಲಿದಾರರಲ್ಲ. ಅವರಿಗಾಗಿ ದೊಡ್ಡದಾಗಿ ಕಟ್ಟಬೇಕಾದ ಕೊಳವೆ, ಘಟಕಗಳ ಹೊರೆಯನ್ನು ಊರಿನ ಬೀಡಿ ಅಂಗಡಿಯವನ ಮೇಲೆ ಹಾಕುವುದು ಸರಿಯೆ? ಶ್ರೀಕಂಠೇಶ್ವರನ ದೇವಾಲಯ ಮುಜರಾಯಿ ಇಲಾಖೆಯ 'ಎ' ವರ್ಗದ ದೇವಾಲಯ, ಆದಾಯದಲ್ಲಿ ಹಿರಿದಾದದ್ದು. ಹುಂಡಿಯ ಹಣದಲ್ಲಿ ಒಂದು ಗೊತ್ತಾದ ಪಾಲು ಕಪಿಲೆಯ ಕೊಳೆ ತೆಗೆಯಲು ಹೋಗಬೇಕೆಂದು ನಾನು ಹೇಳಿದರೆ ಆಸ್ತಿಕರು ಕೋಪಿಸಿಕೊಳ್ಳಬಹುದು. ಅರವಟಿಗೆಗಳಿಗೆ ದತ್ತಿ ಬಿಟ್ಟ ಹಿರಿಯರ ವಂಶದವರು ನಾವು. ದಾಹಕ್ಕೆ ನೀರು ಕೊಡುವುದು ಧರ್ಮವಾದರೆ ಕೊಟ್ಟ ನೀರನ್ನು ಕೊಳೆಯದಂತೆ ಹಿಂದಕ್ಕೆ ಪಡೆಯುವುದೂ ಆ ಧರ್ಮದ ಮುಂದುವರಿಕೆಯೆಂದು ನಾನು ತಿಳಿದಿದ್ದೇನೆ.

ಕೆಳಗಿನ ಊರಿನವನಾಗಿ ನನಗೆ ಇದರಲ್ಲಿ ಸ್ವಾರ್ಥವೂ ಇದೆ, ಮುಚ್ಚಿಡುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿ 2018ರಲ್ಲಿ ಕರ್ನಾಟಕದ 17 ನದಿಭಾಗಗಳನ್ನು ಮಲಿನವೆಂದು ಗುರುತಿಸಿತು. ಅದರಲ್ಲಿ ಕಬಿನಿಯ ನಂಜನಗೂಡಿನಿಂದ ಹೆಜ್ಜಿಗೆಯವರೆಗಿನ ಭಾಗವೂ ಸೇರಿತ್ತು. ಮೀಯಲು ಯೋಗ್ಯವಾದ ನೀರಿನಲ್ಲಿ ಕೊಳೆಯ ಸೂಚಕವಾದ ಜೈವಿಕ ಆಮ್ಲಜನಕ ಬೇಡಿಕೆ ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಮೀರಿದರೆ ಪಟ್ಟಿಗೆ ಸೇರುತ್ತದೆ. ಇದೇ ಹೊಳೆ ಇಳಿದು ಬಂದು ಕೂಡುವ ತ್ರಿವೇಣಿಯಲ್ಲಿ 1989ರಿಂದ ಕುಂಭಮೇಳ ನಡೆದುಬಂದಿದೆ. 2025ರ ಫೆಬ್ರವರಿಯಲ್ಲಿಯೂ ಲಕ್ಷಾಂತರ ಜನ ಮಿಂದರು. ಲಂಡನ್ ನಗರದಲ್ಲಿ 1854ರ ಕಾಲರಾ ಸಮಯದಲ್ಲಿ ಜಾನ್ ಸ್ನೋ ಎಂಬ ವೈದ್ಯ ಎರಡು ನೀರಿನ ಕಂಪೆನಿಗಳ ಗಿರಾಕಿಗಳನ್ನು ಹೋಲಿಸಿ ನೋಡಿದ. ಒಂದೇ ಬೀದಿಯ ಅಕ್ಕಪಕ್ಕದ ಮನೆಗಳು. ಒಂದಕ್ಕೆ ಥೇಮ್ಸ್ ನದಿಯಲ್ಲಿ ಊರಿನ ಮೇಲ್ಗಡೆ ಎತ್ತಿದ ನೀರು, ಇನ್ನೊಂದಕ್ಕೆ ಊರಿನ ಕೊಳೆ ಬೆರೆತ ಕಡೆ ಎತ್ತಿದ ನೀರು. ಎರಡನೆಯ ಬಗೆಯ ಮನೆಗಳಲ್ಲಿಯೇ ಸಾವು ಬಹುಪಾಲು ಹೆಚ್ಚು. ಅವರೂ ನೀರಿನ ಹಣವನ್ನು ಸರಿಯಾಗಿಯೇ ಕಟ್ಟಿದ್ದರು. ನಾಲ್ಕು ವರ್ಷದ ಮೇಲೆ, 1858ರ ಬೇಸಗೆಯಲ್ಲಿ, ಥೇಮ್ಸಿನ ದುರ್ವಾಸನೆ ಪಾರ್ಲಿಮೆಂಟಿನ ಕಿಟಕಿಯೊಳಗೆ ನುಗ್ಗಿದಾಗ ಮಾತ್ರ ಒಳಚರಂಡಿಗೆ ಹಣ ಮಂಜೂರಾಯಿತು. ನಮ್ಮ ಶಾಸಕರ ಭವನವನ್ನು ಹೊಳೆಯ ದಡದಲ್ಲಿ ಕಟ್ಟದೆ ಹೋದದ್ದು ಒಂದು ಪ್ರಮಾದವೇ ಸರಿ.

ದರವನ್ನು ನಿಶ್ಚಯಿಸುವವರು ಯಾರು? ಯೋಜನೆಯನ್ನು ಕಟ್ಟುವುದು ಸಾಮಾನ್ಯವಾಗಿ ರಾಜ್ಯದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಲಿ. ನಡೆಸುವುದು ಊರಿನ ಪುರಸಭೆ ಅಥವಾ ನಗರಸಭೆ. ದರದ ಮಿತಿಗಳನ್ನು ನೋಡಿಕೊಳ್ಳುವುದು ಬೆಂಗಳೂರಿನ ಸಚಿವಾಲಯ. ಸದಸ್ಯರಿಗೆ ಮುಂದಿನ ಚುನಾವಣೆಯ ಭಯ. ಏರಿಸಬೇಕಾದ ಹತ್ತು ರೂಪಾಯಿಯನ್ನು ಹತ್ತು ವರ್ಷ ಏರಿಸದೆ, ಹನ್ನೊಂದನೆಯ ವರ್ಷ ಒಮ್ಮೆಲೇ ನೂರು ಏರಿಸಿ ಜನರ ಬಾಯಿಗೆ ಬೀಳುತ್ತಾರೆ. ವರ್ಷವರ್ಷವೂ ಸ್ವಲ್ಪಸ್ವಲ್ಪ ಏರಿಸಿ, ಖರ್ಚಿನ ಲೆಕ್ಕವನ್ನು ಕಚೇರಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಿದರೆ ಅರ್ಧ ಗಲಭೆ ಕಡಿಮೆಯಾದೀತು. ಹಣವಿಲ್ಲವೆಂಬ ನೆವವನ್ನಂತೂ ಯಾವ ಪುರಸಭೆಯೂ ಹೇಳುವಂತಿಲ್ಲ. ಮಧ್ಯಪ್ರದೇಶದ ರತ್ಲಾಮಿನ ಪುರಸಭೆ ಚರಂಡಿ ಕಟ್ಟಲು ಹಣವಿಲ್ಲವೆಂದಾಗ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು 1980ರಲ್ಲಿ ಆ ವಾದವನ್ನು ತಳ್ಳಿಹಾಕಿದರು.

ಬೀದಿಯ ಅಜ್ಜಿಗೆ ಇಷ್ಟೆಲ್ಲವನ್ನೂ ಹೇಳುವ ಧೈರ್ಯ ನನಗೆ ಬಂದಿಲ್ಲ. ಆದರೆ ತರಗತಿಯ ಆ ಹುಡುಗನಿಗೆ ಒಂದು ದಿನ ಹೇಳಿದೆ. ನಾಲ್ಕು ಒಲೆಗಳ ಲೆಕ್ಕ ಬಂದಾಗ ಅವನು ನಕ್ಕ. "ನಾವಿರುವುದು ಅಂಥ ವಠಾರದಲ್ಲೇ ಸಾರ್" ಎಂದ. ಮಾರನೆಯ ದಿನ ನೋಟುಬುಕ್ಕಿನ ಒಂದು ಹಾಳೆ ತಂದುಕೊಟ್ಟ. ಅವರ ವಠಾರದಲ್ಲಿ ನಲ್ಲಿಯ ಹಣವನ್ನು ತಲೆಲೆಕ್ಕದಲ್ಲಿ ಹಂಚುತ್ತಾರೆ. ಮೂರು ವರ್ಷ ತುಂಬದ ಮಕ್ಕಳು ಲೆಕ್ಕಕ್ಕಿಲ್ಲ. ಹಿಂದಿನ ಕೋಣೆಯ ಒಂಟಿ ಹೆಂಗಸು ಅರ್ಧ ತಲೆ. ದಿನವೂ ಬೈಕು ತೊಳೆಯುವ ಮುಂದಿನ ಮನೆಯವರಿಗೆ ಒಂದು ತಲೆ ಹೆಚ್ಚು. ಮದುವೆ, ತಿಥಿಗಳಿಗೆ ನೆಂಟರು ಬಂದರೆ ಆ ತಿಂಗಳು ಬೇರೆ ಲೆಕ್ಕ.

"ಇದನ್ನೆಲ್ಲ ಯಾರು ಗೊತ್ತುಮಾಡಿದರಪ್ಪ?" ಎಂದೆ.

"ನಮ್ಮಜ್ಜಿ, ಸಾರ್."

ಹಾಳೆಯ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಮೋರಿ ತೊಳೆಯುವ ಸರದಿ ನಾಲ್ಕು ಮನೆಗೂ ವಾರಕ್ಕೊಂದು. ಇದರಲ್ಲಿ ಯಾರಿಗೂ ರಿಯಾಯಿತಿಯಿಲ್ಲ.